ಬ್ಯಾಂಕಾಕ್‌ಗೆ ಮನೆಮಂದಿಯೊಂದಿಗೆ: ದಿನಕ್ಕೆ ಎರಡೇ ಜಾಗ ಸಾಕು

ಬೆಂಗಳೂರಿನಿಂದ ನೇರ ವಿಮಾನ ಹಿಡಿದರೆ ಬ್ಯಾಂಕಾಕ್ ಸುಮಾರು ನಾಲ್ಕು ಗಂಟೆಯ ದಾರಿ. ರಾತ್ರಿ ಬಸ್ಸಿನಲ್ಲಿ ಬೀದರ್ ಮುಟ್ಟುವುದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಹತ್ತಿರವಿದೆ, ವೀಸಾದ ಗೋಳು ಕಡಿಮೆ, ನೋಡಲು ದೇವಾಲಯಗಳಿವೆ, ಕೊಳ್ಳಲು ಅಂಗಡಿಗಳಿವೆ ಎಂದು ಮೊದಲ ಬಾರಿ ವಿದೇಶಕ್ಕೆ ಹೊರಡುವ ಅನೇಕ ಕುಟುಂಬಗಳು ಇದನ್ನೇ ಆರಿಸುತ್ತವೆ. ಆಮೇಲೆ ಪ್ರವಾಸ ಏರ್ಪಡಿಸುವವರಿಂದ ಒಂದು ಪಟ್ಟಿ ಬರುತ್ತದೆ: ಬೆಳಿಗ್ಗೆ ಅರಮನೆ, ಅದರ ಬೆನ್ನಿಗೇ ಮೂರು ದೇವಾಲಯ, ಮಧ್ಯಾಹ್ನ ತೇಲುವ ಸಂತೆ, ಸಂಜೆ ಮಾಲ್, ರಾತ್ರಿ ದೋಣಿಯಲ್ಲಿ ಊಟ. ಈ ಪಟ್ಟಿ ಬರೆದವರು ಎಪ್ಪತ್ತು ದಾಟಿದ ಅತ್ತೆಯನ್ನೂ ಐದು ವರ್ಷದ ಮಗುವನ್ನೂ ಜೊತೆಗೆ ಕರೆದುಕೊಂಡು ಹೋದವರಲ್ಲ.

ಬ್ಯಾಂಕಾಕ್‌ನಲ್ಲಿ ದಿನದ ವೇಳಾಪಟ್ಟಿಯನ್ನು ನಿರ್ಧರಿಸುವುದು ಬಿಸಿಲು. ಅದರ ಜೊತೆ ಜಗಳಕ್ಕೆ ನಿಂತವರು ಎರಡನೆಯ ದಿನ ಹೋಟೆಲಿನಲ್ಲಿ ಓಆರ್‌ಎಸ್ ಕುಡಿಯುತ್ತ ಮಲಗಿರುತ್ತಾರೆ. ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ, ನಡುವೆ ನೆರಳು. ಕೆಳಗೆ ಬರೆದಿರುವುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಮೊದಲು ತಿಂಗಳನ್ನು ಆರಿಸಿ

ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಚಳಿಗಾಲ ಎನ್ನುತ್ತಾರೆ. ಆ ಚಳಿಗಾಲದ ಮಧ್ಯಾಹ್ನವೂ ಮೂವತ್ತು ಡಿಗ್ರಿ ದಾಟುತ್ತದೆ. ಆದರೂ ಇರುವುದರಲ್ಲಿ ಅದೇ ಹಿತ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೆಲವು ದಿನ ಹೊಗೆಮಂಜು ದಟ್ಟವಾಗಿರುತ್ತದೆ. ಆಸ್ತಮಾ ಇರುವವರು ಗಾಳಿಯ ಗುಣಮಟ್ಟ ನೋಡಿಕೊಂಡು ಹೊರಗೆ ಕಾಲಿಡಬೇಕು. ಕ್ರಿಸ್‌ಮಸ್ ವಾರದಲ್ಲಿ ಕೋಣೆಯ ಬಾಡಿಗೆ ಕೇಳುವುದೇ ಬೇಡ.

ನಮ್ಮ ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಅಲ್ಲಿ ಅದೇ ಅತಿ ಬಿಸಿಯ ಕಾಲ. ತಾಪಮಾನ 35, 36 ಡಿಗ್ರಿ ಎಂದಷ್ಟೇ ಬರೆದಿರುತ್ತದೆ, ಆದರೆ ತೇವದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ. ರಾಯಚೂರಿನ ಒಣ ಬಿಸಿಲಿಗೆ ಒಗ್ಗಿದವರೂ ಇಲ್ಲಿ ಸೋಲುತ್ತಾರೆ, ಮಂಗಳೂರಿನವರು ಸ್ವಲ್ಪ ತಾಳಿಕೊಳ್ಳುತ್ತಾರೆ. ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್, ಅಂದರೆ ಅವರ ಹೊಸ ವರ್ಷ. ತುಳುನಾಡಿನ ಬಿಸು ಬರುವ ಅದೇ ದಿನಗಳಲ್ಲಿ ಅಲ್ಲಿ ಬೀದಿ ಬೀದಿಗಳಲ್ಲಿ ನೀರಾಟ. ಮಕ್ಕಳಿಗೆ ಅದಕ್ಕಿಂತ ದೊಡ್ಡ ಖುಷಿ ಬೇರೊಂದಿಲ್ಲ. ಆದರೆ ಸಿಲೋಮ್ ರಸ್ತೆ ಮತ್ತು ಖಾವ್ ಸಾನ್ ರಸ್ತೆಯ ನೂಕುನುಗ್ಗಲಿಗೆ ಹಿರಿಯರನ್ನು ಒಯ್ಯಬೇಡಿ. ಸಣ್ಣ ಅಂಗಡಿಗಳನೇಕವು ಆ ದಿನಗಳಲ್ಲಿ ಬಾಗಿಲು ಹಾಕಿರುತ್ತವೆ.

ಸಸ್ಯಾಹಾರಿ ಕುಟುಂಬಗಳಿಗೆ ನಾನು ಹೇಳುವುದು ದಸರಾ ರಜೆ. ಮಳೆ ಇರುತ್ತದೆ ನಿಜ, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಸಾಕಷ್ಟು ಜೋರಾಗಿಯೇ ಇರುತ್ತದೆ. ಆದರೆ ಬಹಳ ದಿನ ಅದು ಮಧ್ಯಾಹ್ನದ ನಂತರ ಬಂದು, ಒಂದೆರಡು ಗಂಟೆ ಸುರಿದು ಹೋಗುತ್ತದೆ. ಅದಕ್ಕೂ ಮುಖ್ಯವಾದುದೆಂದರೆ, ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಬ್ಯಾಂಕಾಕ್‌ನಲ್ಲಿ ಸಸ್ಯಾಹಾರದ ಹಬ್ಬ. ಹೆಚ್ಚಿನ ವರ್ಷಗಳಲ್ಲಿ ಅದು ನಮ್ಮ ನವರಾತ್ರಿಯ ಆಸುಪಾಸಿನಲ್ಲೇ ಬೀಳುತ್ತದೆ. ಅಧಿಕ ಮಾಸದ ಲೆಕ್ಕ ಬೇರೆಯಾದರೆ, 2025ರಲ್ಲಿ ಆದಂತೆ, ಒಂದು ತಿಂಗಳು ಆಚೀಚೆ ಆಗುವುದೂ ಉಂಟು. ಆದ್ದರಿಂದ ದಿನಾಂಕ ನೋಡಿಕೊಂಡು ಟಿಕೆಟ್ ಮಾಡಿಸಿ. ಆ ದಿನಗಳಲ್ಲಿ ಯಾವರಾತ್ ಬೀದಿಯ ಚೈನಾಟೌನ್ ತುಂಬ ಹಳದಿ ಬಾವುಟ, ಎಲ್ಲಿ ನೋಡಿದರೂ ಮಾಂಸ, ಮೀನು, ಮೊಟ್ಟೆ, ಬೆಳ್ಳುಳ್ಳಿ ಇಲ್ಲದ ಅಡುಗೆ. ನವರಾತ್ರಿಯ ಕೊನೆಗೆ ಸಿಲೋಮ್‌ನ ಮಾರಿಯಮ್ಮನ್ ದೇವಸ್ಥಾನದಿಂದ ಉತ್ಸವ ಹೊರಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಹೋದ ತಮಿಳರು ಕಟ್ಟಿದ ಗುಡಿಯ ತೇರಿಗೆ ಥಾಯ್ ಜನ ಬೀದಿಯುದ್ದಕ್ಕೂ ಹೂವಿನ ಮಂಟಪ ಕಟ್ಟಿ ಕಾದು ಕೂತಿರುತ್ತಾರೆ.

ಕಾಗದಪತ್ರ ಮತ್ತು ಹಣ

ಭಾರತೀಯರಿಗೆ 2024ರ ಜುಲೈಯಲ್ಲಿ 60 ದಿನಗಳ ವೀಸಾರಹಿತ ಪ್ರವೇಶ ಕೊಡಲಾಯಿತು. ಇಂತಹ ನಿಯಮಗಳನ್ನು ಸರ್ಕಾರಗಳು ಆಗಾಗ ತಿದ್ದುತ್ತವೆ. ಟಿಕೆಟ್ ಕೊಳ್ಳುವ ದಿನವೇ ಥಾಯ್ ರಾಯಭಾರ ಕಚೇರಿಯ ಜಾಲತಾಣ ತೆರೆದು ನೋಡಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಲಿ. ಹಸುಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು.

2025ರ ಮೇ 1ರಿಂದ ಆಗಮನ ಚೀಟಿ ಕಾಗದದಲ್ಲಿಲ್ಲ, ಅಂತರ್ಜಾಲದಲ್ಲಿ ತುಂಬಬೇಕು. ಹೆಸರು ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್. ಇಳಿಯುವ ದಿನಕ್ಕೆ ಮೂರು ದಿನ ಮೊದಲಿನಿಂದ ತುಂಬಬಹುದು, ಪ್ರತಿಯೊಬ್ಬರದೂ ಬೇರೆ ಬೇರೆ. ಇದಕ್ಕೆ ಒಂದು ಪೈಸೆಯೂ ಶುಲ್ಕವಿಲ್ಲ. ಶುಲ್ಕ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದೇ ತಿಳಿಯಿರಿ. ಅಸಲಿ ವಿಳಾಸದ ಕೊನೆಯಲ್ಲಿ ಗೋ ಡಾಟ್ ಟಿಎಚ್ ಎಂದಿರುತ್ತದೆ. ಹೋಟೆಲ್ ಕಾಯ್ದಿರಿಸಿದ ಚೀಟಿ, ವಾಪಸು ಟಿಕೆಟ್, ಸ್ವಲ್ಪ ನಗದು ಕೈಗೆ ಸಿಗುವಂತಿರಲಿ. ವಲಸೆ ಅಧಿಕಾರಿ ಕೇಳದೆಯೂ ಬಿಡಬಹುದು, ಕೇಳಿದಾಗ ಮೊಬೈಲಿನಲ್ಲಿ ತಡಕಾಡುವ ಪಾಡು ಬೇಡ.

ಒಂದು ಬಾತ್ ಎಂದರೆ ಹೆಚ್ಚೂಕಡಿಮೆ ಎರಡೂವರೆಯಿಂದ ಮೂರು ರೂಪಾಯಿ. ಮನಸ್ಸಿನಲ್ಲಿ ಮೂರರಿಂದ ಗುಣಿಸುತ್ತ ಹೋಗಿ, ಖರ್ಚು ಕೈಮೀರುವುದಿಲ್ಲ. ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಬಾರಿಯೂ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಕತ್ತರಿಸುತ್ತವೆ, ಆದ್ದರಿಂದ ಚೂರುಚೂರು ತೆಗೆಯಬೇಡಿ. ಸುವರ್ಣಭೂಮಿ ವಿಮಾನ ನಿಲ್ದಾಣದ ತಳಮಹಡಿಯಲ್ಲಿ, ರೈಲು ಹತ್ತುವ ಜಾಗದ ಹತ್ತಿರ ಇರುವ ಹಣ ವಿನಿಮಯದ ಅಂಗಡಿಗಳು ಮೇಲಿನ ಮಹಡಿಯ ಬ್ಯಾಂಕುಗಳಿಗಿಂತ ಒಳ್ಳೆಯ ದರ ಕೊಡುತ್ತವೆ. ಪ್ರಯಾಣ ವಿಮೆ ಮಾಡಿಸಿ. ಬ್ಯಾಂಕಾಕ್‌ನ ಖಾಸಗಿ ಆಸ್ಪತ್ರೆಗಳು ಚೆನ್ನಾಗಿವೆ, ಬಿಲ್ಲು ಎದೆ ನಡುಗಿಸುತ್ತದೆ.

ಕೋಣೆಯ ವಿಷಯದಲ್ಲಿ ಜಿಪುಣತನ ಬೇಡ

ತಿನ್ನುವುದರಲ್ಲಿ ಉಳಿಸಿ, ಟ್ಯಾಕ್ಸಿಯಲ್ಲಿ ಉಳಿಸಿ, ಕೋಣೆ ಇರುವ ಜಾಗದಲ್ಲಿ ಉಳಿಸಬೇಡಿ. ಮೇಲ್ಸೇತುವೆಯ ಬಿಟಿಎಸ್ ರೈಲು ಅಥವಾ ಸುರಂಗದ ಎಂಆರ್‌ಟಿ, ಎರಡರಲ್ಲಿ ಒಂದರ ನಿಲ್ದಾಣಕ್ಕೆ ಐದು ನಿಮಿಷದ ನಡಿಗೆ ಇರಬೇಕು. ಹೋಟೆಲಿನವರು ಹೇಳುವ ಐದು ನಿಮಿಷವನ್ನು ನಂಬಬೇಡಿ, ನಕ್ಷೆಯಲ್ಲಿ ಅಳೆಯಿರಿ. ನಾನೂರು ಮೀಟರ್‌ಗಿಂತ ದೂರವಿದ್ದರೆ ಮಧ್ಯಾಹ್ನ ಎರಡು ಗಂಟೆಗೆ ಅದು ಒಂದು ಮೈಲಿಯಾಗುತ್ತದೆ. ಮಧ್ಯಾಹ್ನ ವಾಪಸು ಬಂದು ಮಲಗುವುದು ನಮ್ಮ ಯೋಜನೆಯ ಬೆನ್ನೆಲುಬು, ಕೋಣೆ ದೂರವಾದರೆ ಯಾರೂ ವಾಪಸು ಬರುವುದಿಲ್ಲ.

ಫಯಾ ಥಾಯ್ ಸುತ್ತಮುತ್ತ ನನಗೆ ಇಷ್ಟ: ವಿಮಾನ ನಿಲ್ದಾಣದ ರೈಲು ನೇರ ಅಲ್ಲಿಗೆ ಬರುತ್ತದೆ, ಅಲ್ಲಿಂದ ಬಿಟಿಎಸ್ ಸಿಗುತ್ತದೆ, ಬೀದಿಗಳು ಸಾಧಾರಣ ಸಂಸಾರಸ್ಥರ ಬೀದಿಗಳು. ಸಫಾನ್ ತಾಕ್ಸಿನ್ ನಿಲ್ದಾಣದ ಹತ್ತಿರವಾದರೆ ನದಿ ಕಾಲಬುಡದಲ್ಲಿ. ಪ್ರತೂನಾಮ್‌ನಲ್ಲಿ ಬಟ್ಟೆಯ ಸಗಟು ಮಾರುಕಟ್ಟೆ ಇದೆ, ಭಾರತೀಯ ಹೋಟೆಲುಗಳಿವೆ ಎಂದು ನಮ್ಮವರು ಅಲ್ಲಿಗೇ ಮುಗಿಬೀಳುತ್ತಾರೆ. ಅಲ್ಲಿಯ ಸಂಚಾರದಲ್ಲಿ ಸಿಕ್ಕಿಕೊಂಡ ಟ್ಯಾಕ್ಸಿಗಿಂತ ನಡೆಯುವವರು ಬೇಗ ಮುಟ್ಟುತ್ತಾರೆ. ಸುಖುಂವಿತ್‌ನ ನಾನಾ ಮತ್ತು ಅಸೋಕ್ ಆಸುಪಾಸಿನಲ್ಲೂ ಸಿಲೋಮ್‌ನ ಪತ್‌ಪಾಂಗ್‌ನಲ್ಲೂ ರಾತ್ರಿಯ ವ್ಯಾಪಾರ ಬೇರೆ ಬಗೆಯದು. ಆ ಪ್ರದೇಶದಲ್ಲೇ ಒಳ್ಳೆಯ ಹೋಟೆಲುಗಳಿವೆ, ಆದರೆ ರಾತ್ರಿ ಒಂಬತ್ತಕ್ಕೆ ಮಗ "ಅಪ್ಪಾ, ಇದು ಏನು ಅಂಗಡಿ?" ಎಂದು ಕೇಳುವ ಬೀದಿ ನಿಮ್ಮದಾಗಬಾರದು.

ಅಡುಗೆ ಮೂಲೆ, ಬಟ್ಟೆ ಒಗೆಯುವ ಯಂತ್ರ ಇರುವ ಸರ್ವಿಸ್ ಅಪಾರ್ಟ್‌ಮೆಂಟ್ ಐದಾರು ಜನರ ಕುಟುಂಬಕ್ಕೆ ಎರಡು ಹೋಟೆಲ್ ಕೋಣೆಗಿಂತ ಅಗ್ಗವಾಗಿ ಸಿಗುವುದುಂಟು. ದಿನಕ್ಕೆ ಎರಡು ಜೊತೆ ಬಟ್ಟೆ ಬೆವರಿನಲ್ಲಿ ನೆನೆಯುವ ಊರಿನಲ್ಲಿ ಒಗೆಯುವ ಯಂತ್ರ ಐಷಾರಾಮವಲ್ಲ. ಈಜುಕೊಳ ಇದ್ದರೆ ಮಕ್ಕಳ ಮಟ್ಟಿಗೆ ಇಡೀ ಥಾಯ್ಲೆಂಡ್ ಅಲ್ಲೇ ಇದೆ.

ಇಳಿದ ದಿನ

ಗಡಿಯಾರ ಒಂದೂವರೆ ಗಂಟೆ ಮುಂದಕ್ಕೆ. ರಾತ್ರಿ ವಿಮಾನದಲ್ಲಿ ಬಂದು ಬೆಳಿಗ್ಗೆ ಆರಕ್ಕೆ ಇಳಿದರೆ ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ನಿದ್ದೆಗೆಟ್ಟ ಮಕ್ಕಳನ್ನು ಎಂಟು ಗಂಟೆ ಬೀದಿಯಲ್ಲಿ ಎಳೆದಾಡುವುದಕ್ಕಿಂತ ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕೊಟ್ಟು ನೇರ ಮಲಗುವುದು ಲಾಭ. ಸಾಧ್ಯವಾದರೆ ಹಗಲು ವಿಮಾನವನ್ನೇ ಹಿಡಿಯಿರಿ.

ಸುವರ್ಣಭೂಮಿಯಿಂದ ಫಯಾ ಥಾಯ್‌ಗೆ ರೈಲು ಸುಮಾರು ಅರ್ಧ ಗಂಟೆ, 45 ಬಾತ್. ಸಾಮಾನು ಕಡಿಮೆ ಇದ್ದರೆ ಇದೇ ಸರಿ. ಹಿರಿಯರಿದ್ದರೆ, ಪೆಟ್ಟಿಗೆಗಳಿದ್ದರೆ ಟ್ಯಾಕ್ಸಿ: ನೆಲಮಹಡಿಯ ಯಂತ್ರದಿಂದ ಚೀಟಿ ತೆಗೆದುಕೊಂಡರೆ ಅದರಲ್ಲಿರುವ ಸಂಖ್ಯೆಯ ಸಾಲಿನಲ್ಲಿ ನಿಮ್ಮ ಕಾರು ನಿಂತಿರುತ್ತದೆ. ಮೀಟರಿನ ಮೇಲೆ ನಿಲ್ದಾಣದ ಶುಲ್ಕ 50 ಬಾತ್, ಹೆದ್ದಾರಿಯ ಟೋಲ್ ನಿಮ್ಮದೇ. ಚೀಟಿಯನ್ನು ಚಾಲಕನಿಗೆ ಕೊಡದೆ ನಿಮ್ಮಲ್ಲೇ ಇಟ್ಟುಕೊಳ್ಳಿ, ದೂರು ಕೊಡಬೇಕಾದರೆ ಅದೇ ಆಧಾರ. ಬಹಳಷ್ಟು ಟ್ಯಾಕ್ಸಿಗಳ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಕೂತಿರುತ್ತದೆ, ಎರಡು ದೊಡ್ಡ ಪೆಟ್ಟಿಗೆ ಹಿಡಿಸಿದರೆ ಪುಣ್ಯ. ಐದು ಜನರಿದ್ದರೆ ದೊಡ್ಡ ವಾಹನವನ್ನು ಮೊಬೈಲಿನಲ್ಲಿ ಗ್ರ್ಯಾಬ್ ಮೂಲಕ ತರಿಸಿಕೊಳ್ಳಿ. ಇನ್ನೊಂದು ವಿಮಾನ ನಿಲ್ದಾಣ ಡಾನ್ ಮುವಾಂಗ್ ಊರಿನ ಉತ್ತರಕ್ಕಿದೆ, ಟಿಕೆಟ್ಟಿನಲ್ಲಿ ಯಾವುದೆಂದು ನೋಡಿಕೊಳ್ಳಿ.

ಆ ಸಂಜೆ ಎಲ್ಲಿಗೂ ಹೋಗಬೇಡಿ. ಹತ್ತಿರದ ಸೆವೆನ್ ಇಲೆವೆನ್ ಅಂಗಡಿ ಎಲ್ಲಿದೆ, ನಿಲ್ದಾಣದ ಲಿಫ್ಟ್ ಯಾವ ಬದಿಗಿದೆ ಎಂದು ನೋಡಿಕೊಂಡು ಬನ್ನಿ. ಎಲ್ಲ ಬದಿಯಲ್ಲೂ ಲಿಫ್ಟ್ ಇರುವುದಿಲ್ಲ, ಮಂಡಿನೋವಿನವರಿಗೆ ಈ ತಿಳಿವಳಿಕೆ ಬೆಲೆಯುಳ್ಳದ್ದು.

ಅರಮನೆಯ ಬೆಳಗು

ಮಹಾ ಅರಮನೆ 1782ರಲ್ಲಿ ಕಟ್ಟತೊಡಗಿದ್ದು. ಬಾಗಿಲು ತೆರೆಯುವುದು 8.30ಕ್ಕೆ, ಮಧ್ಯಾಹ್ನ 3.30ರ ನಂತರ ಟಿಕೆಟ್ ಇಲ್ಲ. ವಿದೇಶಿಯರಿಗೆ 500 ಬಾತ್, 120 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಉಚಿತ. ಎಂಟೂವರೆಗೆ ಬಾಗಿಲಲ್ಲಿರಬೇಕು. ಹತ್ತಕ್ಕೆ ಪ್ರವಾಸಿ ಬಸ್ಸುಗಳು ಬಂದಮೇಲೆ ನೆಲದ ಕಲ್ಲು ಕಾಣುವುದಿಲ್ಲ, ಹನ್ನೊಂದಕ್ಕೆ ಆ ಕಲ್ಲು ಸುಡತೊಡಗುತ್ತದೆ.

ಹೋಗುವುದು ಹೇಗೆ? ಸಫಾನ್ ತಾಕ್ಸಿನ್ ಬಿಟಿಎಸ್ ಕೆಳಗಿನ ಸಾಥೋರ್ನ್ ಕಟ್ಟೆಯಿಂದ ಕಿತ್ತಳೆ ಬಾವುಟದ ದೋಣಿ ಹತ್ತಿ, 16 ಬಾತ್ ಕೊಟ್ಟು, ಥಾ ಚಾಂಗ್ ಕಟ್ಟೆಯಲ್ಲಿ ಇಳಿಯುವುದು. ಬೆಳಗಿನ ಚಾವೋ ಫ್ರಾಯಾ ನದಿಯ ಗಾಳಿ ಸಿಗುವುದೇ ಒಂದು ಭಾಗ್ಯ, ಶಾಲೆಗೆ ಹೋಗುವ ಮಕ್ಕಳೂ ಭಿಕ್ಷುಗಳೂ ಜೊತೆಗಿರುತ್ತಾರೆ. ದೋಣಿ ಕಟ್ಟೆಯಲ್ಲಿ ನಿಲ್ಲುವುದು ಕ್ಷಣಕಾಲ, ಹತ್ತುವಾಗ ಹಿರಿಯರ ಕೈ ಹಿಡಿದುಕೊಳ್ಳಿ. ಅದು ಬೇಡವೆಂದರೆ ಟ್ಯಾಕ್ಸಿಯಲ್ಲಿ ನೇರ ಹೆಬ್ಬಾಗಿಲಿಗೆ. ಎಂಆರ್‌ಟಿಯ ಸನಾಮ್ ಚಾಯ್ ನಿಲ್ದಾಣದಿಂದ ಅರಮನೆಯ ಬಾಗಿಲಿಗೆ ಒಂದು ಕಿಲೋಮೀಟರ್‌ಗೂ ಹೆಚ್ಚು ಬಿಸಿಲ ನಡಿಗೆ ಇದೆ, ನಕ್ಷೆ ನೋಡಿ ಹತ್ತಿರವೆಂದುಕೊಳ್ಳಬೇಡಿ.

ಭುಜ ಮತ್ತು ಮಂಡಿ ಮುಚ್ಚಿರಬೇಕು, ಗಂಡಸರಿಗೂ. ತೆಳು ಹತ್ತಿಯ ಚೂಡಿದಾರ್, ಸಡಿಲ ಪೈಜಾಮ ಉತ್ತಮ. ಸೀರೆಗೆ ಅಡ್ಡಿಯಿಲ್ಲ.

ಇಲ್ಲಿಯೇ ಆ ಹಳೆಯ ಮೋಸ ಕಾದಿರುತ್ತದೆ. ಅರಮನೆಯ ಗೋಡೆಯ ಹತ್ತಿರ ಸಭ್ಯನೊಬ್ಬ ಬಂದು, "ಇಂದು ಪೂಜೆ ಇದೆ, ಅರಮನೆ ಮುಚ್ಚಿದೆ, ಮಧ್ಯಾಹ್ನ ತೆರೆಯುತ್ತಾರೆ, ಅಲ್ಲಿಯವರೆಗೆ ಬೇರೆ ದೇವಾಲಯ ತೋರಿಸುವ ಅಗ್ಗದ ಟುಕ್ ಟುಕ್ ಕೊಡಿಸುತ್ತೇನೆ" ಎನ್ನುತ್ತಾನೆ. ಆ ಟುಕ್ ಟುಕ್ ಹೋಗಿ ನಿಲ್ಲುವುದು ಹರಳಿನ ಅಂಗಡಿಯ ಮುಂದೆ ಅಥವಾ ದರ್ಜಿಯ ಮುಂದೆ. ನಗುತ್ತ ಕೈಮುಗಿದು ಮುಂದೆ ನಡೆಯಿರಿ. ಮುಚ್ಚಿದೆಯೋ ತೆರೆದಿದೆಯೋ ಎಂದು ಟಿಕೆಟ್ ಕಿಟಕಿಯಲ್ಲಿ ಕೂತವರು ಮಾತ್ರ ಹೇಳಲಿ.

ಒಳಗೆ ಮಾರ್ಗದರ್ಶಿಯ ಅಗತ್ಯ ನಮಗಿಲ್ಲ, ಅಜ್ಜಿ ಜೊತೆಗಿದ್ದರೆ ಸಾಕು. ಪಚ್ಚೆ ಬುದ್ಧನ ಗುಡಿಯನ್ನು ಸುತ್ತುವರಿದ ಮೊಗಸಾಲೆಯ ಗೋಡೆಯ ತುಂಬ 178 ಭಿತ್ತಿಚಿತ್ರಗಳಲ್ಲಿ ರಾಮಕಥೆ ಇದೆ, ಅವರ ರಾಮಕಿಯೆನ್. ಮೇಲೆ ಮಾಡು ಇರುವುದರಿಂದ ನೆರಳೂ ಇದೆ. ಹೊರಗೆ ಅಂಗಳದಲ್ಲಿ ಜನ ಚಿನ್ನದ ಗೋಪುರದ ಮುಂದೆ ಚಿತ್ರ ತೆಗೆದುಕೊಳ್ಳುತ್ತ ಬೇಯುತ್ತಿರುವಾಗ, ನೀವು ಈ ಮೊಗಸಾಲೆಯಲ್ಲಿ ನಿಧಾನವಾಗಿ ನಡೆಯಬಹುದು. ಬಿಳಿಯ ಹನುಮಂತ, ಹಸಿರು ಮುಖದ ರಾವಣ. ಇವರನ್ನು ಗುರುತಿಸಿಕೊಡುವ ಕೆಲಸ ಮಕ್ಕಳಿಗೆ ಬಿಡಿ. ಒಂದು ಮಾತು ಮೊದಲೇ ಹೇಳಿರುತ್ತೇನೆ: ಇಲ್ಲಿಯ ಹನುಮಂತ ಬ್ರಹ್ಮಚಾರಿಯಲ್ಲ. ಸೇತುವೆಯ ಕಲ್ಲುಗಳನ್ನು ಕದಿಯಲು ಬಂದ ರಾವಣನ ಮಗಳು, ಮತ್ಸ್ಯಕನ್ಯೆ ಸುವಣ್ಣಮಚ್ಚೆಯನ್ನು ಅವನು ಒಲಿಸಿಕೊಳ್ಳುತ್ತಾನೆ. ಯಾವ ಅಜ್ಜಿಯಾದರೂ ಇದನ್ನು ಒಪ್ಪುವುದಿಲ್ಲ, ಆ ವಾದದಲ್ಲಿ ಇನ್ನೂ ಅರ್ಧ ಗಂಟೆ ನೆರಳಿನಲ್ಲಿ ಕಳೆಯಬಹುದು.

ಪಚ್ಚೆ ಬುದ್ಧನ ಮೂರ್ತಿ ಚಿಕ್ಕದು, ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ವರ್ಷಕ್ಕೆ ಮೂರು ಸಲ ಅದರ ಚಿನ್ನದ ಉಡುಗೆಯನ್ನು ಬದಲಿಸುತ್ತಾರೆ, ಆ ವಿಧಿ ರಾಜನದು. ಗುಡಿಯೊಳಗೆ ಚಿತ್ರ ತೆಗೆಯುವಂತಿಲ್ಲ. ಪಾದಗಳನ್ನು ಮೂರ್ತಿಯ ಕಡೆಗೆ ಚಾಚಿ ಕೂರಬಾರದು, ಮಡಿಚಿ ಕೂತುಕೊಳ್ಳಿ.

ಅಲ್ಲಿಂದ ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ವಾತ್ ಪೋ ದೇವಾಲಯ, ಒಳಗೆ 46 ಮೀಟರ್ ಉದ್ದದ ಮಲಗಿದ ಬುದ್ಧ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಮಾತ್ರ. ಬೆನ್ನ ಹಿಂದಿನ ಗೋಡೆಯುದ್ದಕ್ಕೂ 108 ಕಂಚಿನ ಬಟ್ಟಲುಗಳಿವೆ, ಚಿಲ್ಲರೆ ಕೊಂಡು ಒಂದೊಂದಕ್ಕೆ ಒಂದೊಂದು ಹಾಕುತ್ತ ಹೋಗಲು ಮಕ್ಕಳಿಗೆ ಬಿಡಿ. ನದಿಯಾಚೆಯ ವಾತ್ ಅರುಣ್ ಅನ್ನು ಮಾತ್ರ ಅದೇ ಬೆಳಿಗ್ಗೆ ಸೇರಿಸಬೇಡಿ. ಅದರ ಮೆಟ್ಟಿಲು ಕಡಿದು, ಬಿಸಿಲಿಗೆ ಮರೆಯಿಲ್ಲ. ಇನ್ನೊಂದು ದಿನ ಸಂಜೆ ನಾಲ್ಕೂವರೆಗೆ ಥಾ ತಿಯೆನ್ ಕಟ್ಟೆಯಿಂದ ಐದು ಬಾತ್ ಕೊಟ್ಟು ದಾಟಿ ಹೋಗಿ.

ಟಿಕೆಟ್ ದರಗಳು ಏರುತ್ತಲೇ ಇರುತ್ತವೆ, ನಾನು ಕೊಟ್ಟ ಅಂಕಿಗಳ ಮೇಲೆ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ.

ಹನ್ನೊಂದರಿಂದ ನಾಲ್ಕರವರೆಗೆ

ಹನ್ನೊಂದರ ನಂತರ ಬಿಸಿಲಿನಲ್ಲಿ ಇರಕೂಡದು. ಊಟ ಮಾಡಿ, ಕೋಣೆಗೆ ಬಂದು ಸ್ನಾನ ಮಾಡಿ ಮಲಗುವುದು ಮೊದಲ ಆಯ್ಕೆ. ಮಲಗಲೊಲ್ಲದವರಿಗೆ ಮಾಲ್‌ಗಳಿವೆ. ಸಿಯಾಮ್ ಪ್ಯಾರಗಾನ್ ತಳದಲ್ಲಿ ಮೀನಾಲಯ ಇದೆ, ಟಿಕೆಟ್ ದುಬಾರಿ. ನದಿದಡದ ಐಕಾನ್ ಸಿಯಾಮ್‌ಗೆ ಸಾಥೋರ್ನ್ ಕಟ್ಟೆಯಿಂದ ಮಾಲಿನ ಉಚಿತ ದೋಣಿ ಇದೆ. ಅದರ ನೆಲಮಹಡಿಯಲ್ಲಿ ತೇಲುವ ಸಂತೆಯ ಮಾದರಿಯನ್ನೇ ಹವಾನಿಯಂತ್ರಣದಲ್ಲಿ ಕಟ್ಟಿಟ್ಟಿದ್ದಾರೆ. ಕೃತಕ ಎಂದು ಮೂಗು ಮುರಿಯುವವರು ಮುರಿಯಲಿ, ಸುಮಾರು ನೂರು ಕಿಲೋಮೀಟರ್ ದೂರದ ದಾಮ್ನೋನ್ ಸದುವಾಕ್‌ಗೆ ವ್ಯಾನಿನಲ್ಲಿ ಹೋಗಿ, ದೋಣಿಗಳ ವಾಹನದಟ್ಟಣೆಯಲ್ಲಿ ಕೂತು, ಕೀಲಿಗೊಂಚಲು ಕೊಂಡು ಬರುವುದಕ್ಕಿಂತ ಇದು ಮೇಲು.

ಹೊರಗೆ 36, ಒಳಗೆ 22 ಡಿಗ್ರಿ. ಒಳಗೆ ಹೋದರೆ ಮೈ ನಡುಗುತ್ತದೆ. ರೈಲಿನೊಳಗೂ ಥಂಡಿಯೇ. ಪ್ರತಿಯೊಬ್ಬರ ಚೀಲದಲ್ಲೂ ತೆಳುವಾದ ಶಾಲು, ಒಣ ಬನಿಯನ್ ಇರಲಿ. ನೀರು ಅಂಗಡಿಯಲ್ಲಿ ಏಳರಿಂದ ಹತ್ತು ಬಾತ್‌ಗೆ ಸಿಗುತ್ತದೆ, ನಲ್ಲಿ ನೀರು ಕುಡಿಯಬೇಡಿ. ಬಾಯಾರಿಕೆ ಎಂದು ಮಗು ಹೇಳುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ಕುಡಿಸಿ. ಎಳನೀರು ಎಲ್ಲೆಡೆ ಸಿಗುತ್ತದೆ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಅಲ್ಲಿಯ ಹಾಲುಬೆರೆತ ತಣ್ಣನೆ ಚಹಾ ಕೊಡಿಸಬೇಡಿ, ಅದರಲ್ಲಿ ಚಹಾಕ್ಕಿಂತ ಸಿಹಿಹಾಲೇ ಹೆಚ್ಚು.

ಊಟದ ಚಿಂತೆ

ಮಾಂಸಾಹಾರಿಗಳಿಗೆ ಇಲ್ಲಿ ಸ್ವರ್ಗ, ಅವರಿಗೆ ನನ್ನ ಸಲಹೆ ಬೇಕಿಲ್ಲ. ಸಸ್ಯಾಹಾರಿಗಳು ತಿಳಿಯಬೇಕಾದ್ದು ಇಷ್ಟು: ತರಕಾರಿ ಮಾತ್ರ ಕಾಣುವ ತಟ್ಟೆಯಲ್ಲೂ ಮೀನಿನ ಸಾರ 'ನಾಮ್ ಪ್ಲಾ' ಇರುತ್ತದೆ, ಹುರಿದ ಸೊಪ್ಪಿಗೆ ಸಿಂಪಿಯ ಸಾಸ್, ಹಸಿರು ಕರಿಯ ಮಸಾಲೆಯಲ್ಲಿ ಸಿಗಡಿಯ ಪೇಸ್ಟ್, ಪಪ್ಪಾಯ ಕೋಸಂಬರಿಯಲ್ಲಿ ಒಣ ಸಿಗಡಿ. "ನೋ ಮೀಟ್" ಎಂದರೆ ಮಾಂಸದ ತುಂಡು ತೆಗೆದುಕೊಡುತ್ತಾರೆ, ಅಷ್ಟೇ.

ಹೇಳಬೇಕಾದ ಮಾತು 'ಕಿನ್ ಜೇ'. ಜೇ ಅಡುಗೆಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಡಿವಂತರಿಗೂ ಜೈನರಿಗೂ ಇದಕ್ಕಿಂತ ನೆಮ್ಮದಿ ಬೇಡ. ಅಂಗಡಿಯ ಮುಂದೆ ಹಳದಿ ಹಲಗೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ. ಆ ಅಕ್ಷರದ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಮಕ್ಕಳೇ ದೂರದಿಂದ ಗುರುತು ಹಿಡಿಯುತ್ತಾರೆ. ಮೊಟ್ಟೆ ಹಾಲು ನಡೆಯುತ್ತದೆ ಎನ್ನುವವರು 'ಮಾಂಗ್ ಸವಿರಾತ್' ಎಂದರೆ ಆಯಿತು. ಮಾಲ್‌ಗಳ ಆಹಾರ ಮಳಿಗೆಗಳಲ್ಲಿ ಜೇ ಅಂಗಡಿ ಒಂದಾದರೂ ಸಾಮಾನ್ಯವಾಗಿ ಇರುತ್ತದೆ. ಅಸೋಕ್‌ನ ಟರ್ಮಿನಲ್ 21ರ ಮೇಲ್ಮಹಡಿಯದು ಅಗ್ಗಕ್ಕೆ ಹೆಸರಾದದ್ದು. ಮೊದಲು ಹಣ ಕೊಟ್ಟು ಕಾರ್ಡ್ ಪಡೆಯಬೇಕು, ಉಳಿದದ್ದನ್ನು ಹಿಂದಿರುಗಿಸುತ್ತಾರೆ.

ಬೀದಿಯಲ್ಲೂ ನಮ್ಮ ಪಾಲಿಗೆ ಬೇಕಾದಷ್ಟಿದೆ. ಬೇಯಿಸಿದ ಜೋಳ, ಸುಟ್ಟ ಬಾಳೆಹಣ್ಣು, ಸುಟ್ಟ ಗೆಣಸು, ಹೆಚ್ಚಿಕೊಟ್ಟ ಸೀಬೆ, ಅನಾನಸ್. ಖನೋಮ್ ಕ್ರೋಕ್ ಎಂಬುದನ್ನು ಬಿಡಬೇಡಿ. ನಮ್ಮ ಪಡ್ಡಿನ ಕಾವಲಿಯಂತಹದೇ ಗುಳಿಗಳಲ್ಲಿ ಅಕ್ಕಿಹಿಟ್ಟು, ತೆಂಗಿನ ಹಾಲು ಹೊಯ್ದು ಬೇಯಿಸುತ್ತಾರೆ, ಅಂಚು ಗರಿಗರಿ, ಒಳಗೆ ನೀರುನೀರು. ಏಪ್ರಿಲ್, ಮೇನಲ್ಲಿ ಹೋದವರಿಗೆ ಬಿಸಿಲಿಗೆ ಪರಿಹಾರವಾಗಿ ಮಾವಿನಹಣ್ಣು, ಅಂಟಕ್ಕಿ ಅನ್ನ, ಮೇಲೆ ತೆಂಗಿನ ಹಾಲು. ರಂಬುಟಾನ್, ಮ್ಯಾಂಗೊಸ್ಟೀನ್ ಈಗ ದಕ್ಷಿಣ ಕನ್ನಡದ ತೋಟಗಳಲ್ಲೂ ಬೆಳೆಯುತ್ತವೆ, ಆದರೂ ಅಲ್ಲಿಯ ಬೆಲೆಗೆ ತಿನ್ನಲು ಸಿಗುವುದಿಲ್ಲ. ಡೂರಿಯನ್ ಅನ್ನು ಹೋಟೆಲಿನೊಳಗೆ ತಂದರೆ ದಂಡ ಹಾಕುತ್ತಾರೆ, ಬೀದಿಯಲ್ಲೇ ತಿಂದು ಮುಗಿಸಿ.

ಮೂರನೆಯ ದಿನ ಯಾರಾದರೂ ಮೊಸರನ್ನ ಕೇಳಿಯೇ ಕೇಳುತ್ತಾರೆ. ಸೆವೆನ್ ಇಲೆವೆನ್‌ನಲ್ಲಿ ಬೇಯಿಸಿದ ಅನ್ನದ ಪೊಟ್ಟಣ ಸಿಗುತ್ತದೆ, ಅವರೇ ಬಿಸಿ ಮಾಡಿ ಕೊಡುತ್ತಾರೆ. ಮೊಸರನ್ನು ಮಾತ್ರ ನೋಡಿ ಕೊಳ್ಳಿ: ಸಿಹಿ ಹಾಕಿದ್ದೇ ಹೆಚ್ಚು, ಕೆಲವದರಲ್ಲಿ ಜೆಲಟಿನ್ ಕೂಡ ಇರುತ್ತದೆ. ಮನೆಯಿಂದ ಉಪ್ಪಿನಕಾಯಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಒಯ್ದಿದ್ದರೆ ಬೆಳಗಿನ ತಿಂಡಿಯ ರಗಳೆಯೂ ಮುಗಿಯಿತು. ಪೂರ್ತಿ ಭಾರತೀಯ ಊಟವೇ ಬೇಕೆಂದವರಿಗೆ ಫಾಹುರತ್ ಇದೆ. ಗುರುದ್ವಾರದ ಚಿನ್ನದ ಗುಮ್ಮಟ ಕಂಡ ಕಡೆ ಇಳಿಯಿರಿ, ಸುತ್ತ ಬಟ್ಟೆ ಅಂಗಡಿ, ಸಿಹಿತಿಂಡಿ, ಚಪಾತಿ ಎಲ್ಲ ಇದೆ.

ಓಡಾಟ

ಬಿಟಿಎಸ್‌ಗೂ ಎಂಆರ್‌ಟಿಗೂ ಟಿಕೆಟ್ ಬೇರೆ ಬೇರೆ. ಎಂಆರ್‌ಟಿಯಲ್ಲಿ ತಟ್ಟಿ ಹಣ ಕೊಡುವ ಬ್ಯಾಂಕ್ ಕಾರ್ಡ್ ಬಾಗಿಲಲ್ಲೇ ನಡೆಯುತ್ತದೆ, ಆದರೆ ಒಬ್ಬರಿಗೆ ಒಂದು ಕಾರ್ಡ್ ಬೇಕು. ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಟ್ಯಾಕ್ಸಿ ಹತ್ತಿ ರಸ್ತೆಗೆ ಇಳಿಯಬೇಡಿ. ಮಳೆ ಬಂದರೆ ಟ್ಯಾಕ್ಸಿಗಳು ಮಾಯ. ಟುಕ್ ಟುಕ್ ಒಂದು ಸಲ ಮಕ್ಕಳ ಆಸೆಗೆ ಸಾಕು, ಹತ್ತುವ ಮೊದಲೇ ದರ ಮುಗಿಸಿ. ಕಿತ್ತಳೆ ಅಂಗಿಯ ಬೈಕ್ ಟ್ಯಾಕ್ಸಿ ಮಕ್ಕಳಿದ್ದವರಿಗಲ್ಲ. ಸೇನ್ ಸೇಪ್ ಕಾಲುವೆಯ ದೋಣಿ ಬಲು ಅಗ್ಗ, ಬಲು ಬೇಗ, ಆದರೆ ಹಗ್ಗ ಹಿಡಿದು ಜಿಗಿಯಬೇಕು. ಕಾಲೇಜಿನ ಹುಡುಗರು ಹೋಗಲಿ.

ಕಾಲುದಾರಿಗಳು ಒಡೆದಿರುತ್ತವೆ, ನಡುವೆ ಕಂಬ, ಮರ, ಗಾಡಿ. ದೊಡ್ಡ ತಳ್ಳುಗಾಡಿಯನ್ನು ಮನೆಯಲ್ಲೇ ಬಿಡಿ, ಮಡಚುವ ಹಗುರದ್ದು ಸಾಕು. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ನಿಲ್ದಾಣ, ಉದ್ಯಾನಗಳಲ್ಲಿ ರಾಷ್ಟ್ರಗೀತೆ ಕೇಳಿಬರುತ್ತದೆ, ಎಲ್ಲರೊಂದಿಗೆ ನಿಂತುಬಿಡಿ. ರಾಜಮನೆತನದ ಬಗ್ಗೆ ಹಗುರ ಮಾತು, ತಮಾಷೆ ಬೇಡ. ಅಲ್ಲಿ ಅದಕ್ಕೆ ಸೆರೆಮನೆ ಶಿಕ್ಷೆ ಇದೆ.

ಮಕ್ಕಳಿಗೆ ಹಣ ಕೊಡದೆ ಸಿಗುವ ಅತ್ಯುತ್ತಮ ಬೆಳಗು ಲುಂಪಿನಿ ಉದ್ಯಾನದಲ್ಲಿದೆ. ಏಳು ಗಂಟೆಗೆ ಹೋಗಿ. ಕೊಳದ ದಂಡೆಯಲ್ಲಿ ಆಳುದ್ದದ ಉಡಗಳು ಯಾರ ಹಂಗೂ ಇಲ್ಲದೆ ಅಡ್ಡಾಡುತ್ತವೆ, ತಾವಾಗಿ ಮೈಮೇಲೆ ಬರುವುದಿಲ್ಲ, ನೀವೂ ಹತ್ತಿರ ಹೋಗಿ ಆಹಾರ ಕೊಡಬೇಡಿ. 2022ರಲ್ಲಿ ತೆರೆದ ಬೆಂಜಕಿತಿ ಅರಣ್ಯ ಉದ್ಯಾನದ ಎತ್ತರದ ಕಾಲುಹಾದಿ ಸಂಜೆಗೆ ಚೆನ್ನ. ಶನಿವಾರ, ಭಾನುವಾರದ ಚತುಚಕ್ ಸಂತೆಗೆ ಬೆಳಿಗ್ಗೆ ಒಂಬತ್ತೂವರೆಗೇ ಹೋಗಿ ಹನ್ನೊಂದಕ್ಕೆ ಹೊರಬನ್ನಿ. ಅಯುತ್ಥಯದ ಪಾಳುಬಿದ್ದ ರಾಜಧಾನಿ ಬಹಳ ಸುಂದರ, ಆದರೆ ನೆರಳಿಲ್ಲ. ಏಪ್ರಿಲ್‌ನಲ್ಲಿ ಹಿರಿಯರೊಂದಿಗೆ ಹೋಗುವುದಾದರೆ ಅದನ್ನು ಬಿಟ್ಟುಬಿಡಿ. ಆನೆ ಸವಾರಿ ಯಾವ ತಿಂಗಳಲ್ಲೂ ಬೇಡ.

ಆರೋಗ್ಯ, ಮತ್ತು ಹಸಿರೆಲೆಯ ಅಂಗಡಿಗಳು

ಸೊಳ್ಳೆಯಿಂದ ಡೆಂಗಿ ಅಲ್ಲಿಯೂ ಇದೆ. ಹಚ್ಚಿಕೊಳ್ಳುವ ಔಷಧ ಹಗಲಲ್ಲೂ ಹಚ್ಚಿ. ಹಿರಿಯರ ಬಿಪಿ, ಸಕ್ಕರೆ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಡಿ. ತಲೆಸುತ್ತು, ವಾಂತಿ, ಬೆವರು ನಿಂತು ಮೈ ಸುಡುವುದು, ಮಾತು ತೊದಲುವುದು ಕಂಡರೆ ಕೋಣೆಗೆ ಹೋಗಿ ನೋಡೋಣ ಎನ್ನಬೇಡಿ. ನೆರಳಿಗೆ ಸರಿಸಿ, ಮೈಗೆ ನೀರು ಹಾಕಿ, ಆಂಬುಲೆನ್ಸಿಗಾಗಿ 1669ಕ್ಕೆ ಕರೆ ಮಾಡಿ. ಪ್ರವಾಸಿ ಪೊಲೀಸರ ಸಂಖ್ಯೆ 1155, ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ. ಭಾರತದ ರಾಯಭಾರ ಕಚೇರಿ ಸುಖುಂವಿತ್ ಸೋಯ್ 23ರಲ್ಲಿದೆ, ಸೋಯ್ ಎಂದರೆ ಅಡ್ಡಬೀದಿ.

ಹಸಿರು ಎಲೆಯ ಚಿತ್ರ ಹಾಕಿದ ಅಂಗಡಿಗಳು ಕಾಣಬಹುದು, ಅವು ಗಾಂಜಾದ ಅಂಗಡಿಗಳು. 2022ರಲ್ಲಿ ಸಡಿಲಿಸಿದ ನಿಯಮವನ್ನು 2025ರಲ್ಲಿ ಬಿಗಿ ಮಾಡಿದ್ದಾರೆ. ಆ ಎಲೆಯ ಗುರುತಿರುವ ಬಿಸ್ಕತ್ತು, ಮಿಠಾಯಿ, ಪಾನೀಯ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಇ-ಸಿಗರೇಟು ಅಲ್ಲಿ ಕಾನೂನುಬಾಹಿರ.

ವಾಪಸು ಹೊರಡುವಾಗ

ಒಂದೇ ಅಂಗಡಿಯಲ್ಲಿ ಒಂದೇ ದಿನ 2000 ಬಾತ್ ಮೀರಿ ಕೊಂಡಿದ್ದರೆ ವ್ಯಾಟ್ ಹಿಂದಕ್ಕೆ ಪಡೆಯಬಹುದು, ಅಂಗಡಿಯವರೇ ನಮೂನೆ ಬರೆದುಕೊಡಬೇಕು. ನಿಲ್ದಾಣದಲ್ಲಿ ಪೆಟ್ಟಿಗೆಗಳನ್ನು ವಿಮಾನದವರಿಗೆ ಒಪ್ಪಿಸುವ ಮೊದಲೇ ಸುಂಕದವರ ಮುದ್ರೆ ಹಾಕಿಸಿ, ಸಾಲು ಉದ್ದವಿರುತ್ತದೆ. ಊರಿನಿಂದ ಟ್ಯಾಕ್ಸಿಯಲ್ಲಿ ಹೋಗುವುದಾದರೆ ವಿಮಾನದ ಹೊತ್ತಿಗೆ ಮೂರು ಗಂಟೆ ಮೊದಲು ಹೊರಡುವ ಬದಲು ನಾಲ್ಕು ಗಂಟೆ ಮೊದಲೇ ಹೊರಡಿ.

ಇತ್ತೀಚಿನ ವರ್ಷಗಳಲ್ಲಿ ಬ್ಯಾಂಕಾಕ್‌ನಿಂದ ಬಂದವರ ಪೆಟ್ಟಿಗೆಗಳಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಸುಂಕದ ಅಧಿಕಾರಿಗಳು ಹೈಡ್ರೋಪೋನಿಕ್, ಅಂದರೆ ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ ಗಾಂಜಾವನ್ನೂ, ಕಾಡುಪ್ರಾಣಿಗಳನ್ನೂ ಮತ್ತೆ ಮತ್ತೆ ಹಿಡಿದಿದ್ದಾರೆ. "ನಿಮ್ಮ ಸಾಮಾನು ಕಡಿಮೆ ಇದೆಯಲ್ಲ, ಈ ಒಂದು ಪೊಟ್ಟಣ ಬೆಂಗಳೂರಿನಲ್ಲಿ ನಮ್ಮವರಿಗೆ ಕೊಟ್ಟುಬಿಡಿ" ಎಂದು ಕನ್ನಡದಲ್ಲೇ ಕೇಳಿದರೂ, ಕೇಳುವವರು ಎಷ್ಟೇ ಸಭ್ಯರಾಗಿ ಕಂಡರೂ, ಒಪ್ಪಬೇಡಿ. ಪೆಟ್ಟಿಗೆಗಳನ್ನು ನೀವೇ ತುಂಬಿ, ನೀವೇ ಬೀಗ ಹಾಕಿ, ಸಾಲಿನಲ್ಲಿ ನಿಂತಿರುವಾಗ ಅಜ್ಜನನ್ನೋ ಅಜ್ಜಿಯನ್ನೋ ಅವುಗಳ ಪಕ್ಕದಲ್ಲೇ ಕೂರಿಸಿ.